ಪೆಟ್ಟಿಗೆಯೋ ಕಿವಿಯೋ

ಆಂಪಿಗೆ ಜೋಡಿಸದ ಬೇಸ್ ಗಿಟಾರಿನ ತಂತಿಯನ್ನು ಮೀಟಿದರೆ ಹೊರಡುವುದನ್ನು ದನಿ ಎನ್ನಲಾಗದು. ಒಣಗಿದ ಅವರೆಕಾಯಿಯನ್ನು ಉಗುರಿನಿಂದ ಚಿಮ್ಮಿದಂಥ ಒಂದು ಸಣ್ಣ ಸದ್ದು, ಅಷ್ಟೆ. ವಿಜಯದಶಮಿಯ ಬೆಳಿಗ್ಗೆ ಹಳಿಯಾಳದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದಾಗ ಪಡಸಾಲೆಯಿಂದ ನನಗೆ ಕೇಳಿಸಿದ್ದು ಅದು. ತಮ್ಮ ಇನ್ನೂ ಸ್ವಿಚ್ ಹಾಕಿಲ್ಲ ಅಂದುಕೊಂಡೆ. ಸದ್ದು ನಿಂತಿತು. ಮತ್ತೆ ಬಂತು, ಈ ಸಲ ತಂತಿ ಹಲಗೆಗೆ ಬಡಿಯುವಷ್ಟು ಜೋರಾಗಿ. ಅದರ ನಂತರ ಬಂದದ್ದು ಮೀಟಿದ ಸದ್ದಾಗಿರಲಿಲ್ಲ, ಹೊಡೆದ ಸದ್ದಾಗಿತ್ತು. ನಾನು ಟವೆಲ್ ಹಿಡಿದುಕೊಂಡೇ ಹೊರಗೆ ಬಂದೆ.

ಅವನು ಮಂಚದ ತುದಿಯಲ್ಲಿ ಕೂತಿದ್ದ. ಆಂಪು, ಗಿಟಾರಿನ ದನಿ ದೊಡ್ಡದು ಮಾಡುವ ಆ ಸ್ಪೀಕರ್ ಪೆಟ್ಟಿಗೆ, ಅವನ ಪಕ್ಕದಲ್ಲಿ ಮಂಚದ ಮೇಲೆಯೇ ಇತ್ತು. ಅದರ ಕೆಂಪು ದೀಪ ಉರಿಯುತ್ತಿತ್ತು. ಗಿಟಾರಿನಿಂದ ಹೊರಟ ವೈರು ಸರಿಯಾಗಿಯೇ ಆಂಪಿಗೆ ಹೋಗಿತ್ತು. ದನಿ ಹೆಚ್ಚಿಸುವ ಗುಂಡಿ ಬಲಕ್ಕೆ ಪೂರ್ತಿ ತಿರುಗಿತ್ತು. ಆ ಗುಂಡಿಯನ್ನು ಅಷ್ಟು ತಿರುಗಿಸಿ ದಪ್ಪ ತಂತಿ ಮೀಟಿದರೆ ಅಡುಗೆಮನೆಯ ಹಲಗೆಯ ಮೇಲಿನ ಡಬ್ಬಿಗಳು ಗದಗದ ನಡುಗಬೇಕು. ಅವನು ಇನ್ನೊಂದು ಸಲ ಹೊಡೆದ. ಡಬ್ಬಿಗಳು ಸುಮ್ಮನಿದ್ದವು. ಆಮೇಲೆ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದ:

"ಅಕ್ಕಾ, ಹೋತು."

ಏನು ಹೋಯಿತು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹೋಗಲು ಉಳಿದದ್ದು ಅದೊಂದೇ ಆಗಿತ್ತು.

ಕೆಲವು ವರ್ಷಗಳ ಹಿಂದೆ ತಮ್ಮನಿಗೆ ಕ್ಷಯ ಬಂದಿತ್ತು. ಸಾದಾ ಗುಳಿಗೆಗಳಿಗೆ ಬಗ್ಗದ ಕ್ಷಯ. ತಿಂಗಳುಗಟ್ಟಲೆ ದಿನವೂ ಒಂದು ಸೂಜಿ. ಆ ಸೂಜಿ ಜೀವ ಉಳಿಸಿತು, ಕಿವಿ ತೆಗೆದುಕೊಂಡಿತು. ಈಗ ಆ ಸೂಜಿ ಕೊಡುವುದಿಲ್ಲ, ಬರಿಯ ಗುಳಿಗೆಯಲ್ಲೇ ಗುಣ ಮಾಡುತ್ತಾರೆ. ನಾನು ದಾಂಡೇಲಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳಾದ್ದರಿಂದ ಈ ಬದಲಾವಣೆ ನನಗೆ ಬೇಗ ತಿಳಿಯಿತು. ತಿಳಿದು ಏನೂ ಮಾಡುವಂತಿರಲಿಲ್ಲ.

ಕಿವಿ ಒಮ್ಮೆಲೇ ಹೋಗಲಿಲ್ಲ, ಮೇಲಿನ ಕೀರಲು ದನಿಗಳಿಂದ ಕೆಳಗಿನ ದಪ್ಪ ದನಿಗಳಿಗೆ ಇಳಿಯುತ್ತ ಹೋಯಿತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಗುಬ್ಬಿಗಳು ಹೋದವು. ಆಮೇಲೆ ಫೋನಿನ ಗಂಟೆ. ಆಮೇಲೆ ಅವ್ವನ ಮಾತು, ನನ್ನ ಮಾತು, ಕೊನೆಗೆ ಗಂಡಸರ ಮಾತೂ. ಧಾರವಾಡದ ಡಾಕ್ಟರು ಪರೀಕ್ಷೆ ಮಾಡಿ, ಅಂಗೈಯನ್ನು ಇಳಿಜಾರಾಗಿ ಹಿಡಿದು ತೋರಿಸಿದರು. "ಇಲ್ಲಿ ಕೆಳಗ ಒಂಚೂರು ಉಳದೈತಿ. ಇದೂ ಉಳೀತೈತೋ ಹೋಗತೈತೋ, ಹೇಳಾಕ ಬರಂಗಿಲ್ಲ." ನಾನು ಆ ಮಾತನ್ನು ಫೋನಿನಲ್ಲಿ ಒತ್ತಿ ಅವನಿಗೆ ತೋರಿಸಿದೆ. ಬಸ್ಸಿನ ಟೈಮು ಓದಿದವನಂತೆ ಓದಿ ತಲೆಯಾಡಿಸಿದ. ಆ ಒಂಚೂರಿನಲ್ಲಿ ಇದ್ದದ್ದು ಲಾರಿಯ ಇಂಜಿನ್ನು, ದೂರದ ಗುಡುಗು, ಮತ್ತು ಅವನದೇ ಗಿಟಾರಿನ ದಪ್ಪ ತಂತಿಗಳು.

ಕಾಯಿಲೆಗೆ ಮೊದಲು ಅವನು ಒಂದು ಆರ್ಕೆಸ್ಟ್ರಾದಲ್ಲಿದ್ದ. ರಾಮನಗರದ ಮದುವೆಗಳು, ಕ್ಯಾಸಲ್‌ರಾಕಿನ ರೈಲ್ವೆ ಕ್ವಾರ್ಟರ್ಸಿನ ಬರ್ತ್‌ಡೇಗಳು, ಜೋಯಿಡಾದ ಕಡೆಯ ಗಣಪತಿ ಕಾರ್ಯಕ್ರಮಗಳು. ಆಂಪು ತಂದದ್ದು ಮುಂಡಗೋಡದ ಟಿಬೇಟಿಯನ್ ಕಾಲೊನಿಯಿಂದ. ಅಲ್ಲಿನ ಬ್ಯಾಂಡಿನ ಒಬ್ಬ ಪರದೇಶಕ್ಕೆ ಹೊರಟಾಗ ಮಾರಿ ಹೋಗಿದ್ದ. ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದ ಸಿದ್ದಿ ಗೆಳೆಯ ಇವನನ್ನು ಕಾಡುತ್ತಿದ್ದ: "ನೀ ಇಲ್ಲಂದ್ರೂ ಮಂದಿ ಕುಣೀತಾರಲೇ. ನೆಲ ಕುಣಿಯಂಗಿಲ್ಲ, ಅಷ್ಟ." ಕಿವಿ ಹೋದ ಮೇಲೆ ತಮ್ಮ ಆರ್ಕೆಸ್ಟ್ರಾ ಬಿಟ್ಟ. ಆಂಪು ಬಿಡಲಿಲ್ಲ. ದಿನಾ ಬೆಳಿಗ್ಗೆ ಚಹಾ ಕುಡಿದು ಅದರ ಪಕ್ಕ ಕೂತು ಸ್ವಲ್ಪ ಹೊತ್ತು ಮೀಟುತ್ತಿದ್ದ. ಅದನ್ನು ನುಡಿಸುವುದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಸಿಗೆ ಹಿಡಿದವರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಇದೆಯೋ ಇಲ್ಲವೋ ನೋಡುತ್ತೇವಲ್ಲ, ಹಾಗೆ ನೋಡುತ್ತಿದ್ದ. ಇದೆ ಅಂತಾದ ಮೇಲೆ ಎದ್ದು ಸ್ನಾನಕ್ಕೆ ಹೋಗುತ್ತಿದ್ದ.

ಅವತ್ತು ಇರಲಿಲ್ಲ.

ನಾನು ಅವನೆದುರು ನೆಲಕ್ಕೆ ಕೂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ. "ಕಿವಿ ಅಲ್ಲೋ. ಪೆಟಗಿ ಕೆಟ್ಟೈತಿ. ಪೆಟಗಿಯಿಂದ ದನಿನ ಬರವಲ್ತು."

"ಬರಾಕತ್ತೈತಿ. ದೀಪ ಹತ್ತೈತಿ ನೋಡ. ನನಗ ಕೇಳವಲ್ತು, ಅಷ್ಟ."

"ನನಗೂ ಕೇಳವಲ್ತು."

"ನಿನಗ ಕೇಳಸ್ತೈತಿ. ಸುಮ್ನ ಸಮಾಧಾನ ಮಾಡಬ್ಯಾಡ."

ಅಷ್ಟರಲ್ಲಿ ಅವ್ವ ಹೋಳಿಗೆಯ ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು. ಅವನ ಮುಖ ನೋಡಿದ್ದೇ, ಕೈಯನ್ನು ಗಾಳಿಯಲ್ಲಿ ಆಡಿಸಿ, "ಏನಿಲ್ಲಪಾ, ಏನಿಲ್ಲ" ಅಂದಳು. ಅದು ಅಂದದ್ದು ತಪ್ಪಾಯಿತು. ಕಿವಿ ಹೋದಂದಿನಿಂದ ಅವನು ಯಾರನ್ನಾದರೂ "ಏನಂದ್ರು?" ಎಂದು ಕೇಳಿದರೆ ಎಲ್ಲರೂ ಕೈಯಾಡಿಸಿ ಹೇಳುತ್ತಿದ್ದದ್ದು ಅದನ್ನೇ. ಬಂದವರು ನಕ್ಕರೆ, ಏನಿಲ್ಲ. ಅವ್ವ ಅತ್ತರೆ, ಏನಿಲ್ಲ. ಪೂರ್ತಿ ಹೇಳಲು ಬೇಸರವಾಗಿ ಆಡುವ ಮಾತು ಅದು. ಈಗ ನಿಜವಾಗಿಯೂ ಏನೂ ಇಲ್ಲದಾಗ ನಾವು ಇಬ್ಬರೂ ಅದನ್ನೇ ಹೇಳುತ್ತಿದ್ದೆವು, ಅವನು ನಮ್ಮ ತುಟಿಗಳನ್ನು ನೋಡಿ ಮುಖ ತಿರುಗಿಸುತ್ತಿದ್ದ.

ಕಣ್ಣಿಗೆ ಕಾಣುವುದನ್ನು ತೋರಿಸಬೇಕು ಅನ್ನಿಸಿತು. ಫೋನಿನಲ್ಲಿ ದನಿ ಮುದ್ರಿಸುವುದನ್ನು ತೆರೆದೆ. ಚಪ್ಪಾಳೆ ತಟ್ಟಿದೆ, ಪರದೆಯ ಮೇಲೆ ಗೆರೆ ಗೋಪುರದಂತೆ ಎದ್ದಿತು. "ಈಗ ನೀ ಬಾರಸು" ಅಂದೆ. ಅವನು ದಪ್ಪ ತಂತಿ ಮೀಟಿದ. ಗೆರೆ ಮಲಗಿಯೇ ಇತ್ತು. ನಾನು ಗೆದ್ದೆ ಅಂದುಕೊಂಡು ಫೋನನ್ನು ಅವನ ಮುಖದ ಮುಂದೆ ಹಿಡಿದೆ.

"ಫೋನಿಗೆ ಬೇಸ್ ಸಿಗಂಗಿಲ್ಲಕ್ಕಾ," ಅಂದ, ಮಗುವಿಗೆ ಹೇಳುವಂತೆ. "ಆರ್ಕೆಸ್ಟ್ರಾದಾಗ ಎಷ್ಟ ಸಲ ರೆಕಾರ್ಡ್ ಮಾಡಿದ್ವಿ. ಎಲ್ಲಾರೂ ಬರತಿದ್ರು, ನಾ ಒಬ್ಬ ಬರತಿದ್ದಿಲ್ಲ."

ಅವನ ಅಂಗೈ ಹಿಡಿದು ಆಂಪಿನ ಜಾಲರಿಗೆ ಒತ್ತಿ, ಇನ್ನೊಂದು ಕೈಯಿಂದ ನಾನೇ ತಂತಿ ಮೀಟಿದೆ. "ನಡುಗತೈತೇನ? ಇಲ್ಲಲ್ಲ?"

"ನನ್ನ ಕೈ ನಂಬತೀ ಏನ್ ನೀ?" ಅವನು ಕೈ ಬಿಡಿಸಿಕೊಂಡ. "ಬಿಸಿ ಬೋಗಾಣಿ ಹಿಡದ್ರ ಸುಟ್ಟ ವಾಸನಿ ಬಂದ ಮ್ಯಾಲೆ ಗೊತ್ತಾಗತೈತಿ ನನಗ."

ಅದೂ ಸುಳ್ಳಲ್ಲ. ಆ ಕಾಯಿಲೆಯ ಇನ್ನೊಂದು ಗುಳಿಗೆ ಅವನ ಬೆರಳ ತುದಿಗಳಿಗೂ ಅಂಗಾಲಿಗೂ ಜೋಮು ಹಿಡಿಸಿತ್ತು. ಗುಳಿಗೆ ನಿಂತರೂ ಜೋಮು ಪೂರ್ತಿ ಇಳಿದಿರಲಿಲ್ಲ. ಅವನು ತನ್ನ ಕೈಯನ್ನೂ ನಂಬುತ್ತಿರಲಿಲ್ಲ, ನನ್ನ ಕಿವಿಯನ್ನೂ ನಂಬುತ್ತಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಯಂತ್ರ ಒಂದು ವಿಚಿತ್ರ ಅಂಕಿ ಕೊಟ್ಟರೆ ಮೊದಲು ಯಂತ್ರವನ್ನು ಅನುಮಾನಿಸುತ್ತೇವೆ, ಆಮೇಲೆ ರೋಗಿಯನ್ನು. ಇವನು ಮೊದಲು ರೋಗಿಯನ್ನೇ ಹಿಡಿದು ಕೂತಿದ್ದ. ಬೇಕಾದದ್ದು ಒಂದೇ: ಆ ಪೆಟ್ಟಿಗೆ ದನಿ ಕೊಡಬೇಕು. ಕೊಡುವವರೆಗೆ ಇವನು ಕಿವಿ ಸತ್ತಿತು ಎಂದೇ ಇರುತ್ತಾನೆ. ಇದ್ದು ಏನು ಮಾಡುತ್ತಾನೆ ಎಂಬುದನ್ನು ನಾನೂ ಅವ್ವನೂ ಬಾಯಿಬಿಟ್ಟು ಆಡಲಿಲ್ಲ.

ಗಿಟಾರಿನ ಚೀಲದಲ್ಲಿ ಇನ್ನೊಂದು ವೈರು ಇತ್ತು. ಅದನ್ನು ಹಾಕಿ ನೋಡಿದೆ. ಗೋಡೆಯ ಪ್ಲಗ್ಗು ಬದಲಿಸಿದೆ. ಇರುವ ಗುಂಡಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ಮತ್ತೆ ಮೊದಲಿನ ಜಾಗಕ್ಕೆ ತಂದೆ. ದೀಪ ಉರಿಯುತ್ತಲೇ ಇತ್ತು. ಆ ದೀಪವನ್ನು ಕಂಡರೆ ನನಗೆ ಸಿಟ್ಟು ಬರತೊಡಗಿತು.

ನಮ್ಮ ಓಣಿಯ ಕೊನೆಗೆ ಒಬ್ಬ ಕಾಕಾ ಇದ್ದಾನೆ. ಮೊದಲು ಟಿವಿ ರಿಪೇರಿ ಮಾಡುತ್ತಿದ್ದ, ಈಗ ಮಿಕ್ಸರು, ಫ್ಯಾನು. ಓಡಿಹೋದೆ. ಅವನು ಅಂಗಳದಲ್ಲಿ ಹೊಸ ಅಂಗಿ ತೊಟ್ಟು ಕೂತಿದ್ದ. ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಅವನ ಮೀಟರು, ಬೆಸುಗೆಯ ಕಡ್ಡಿ, ಸ್ಕ್ರೂಡ್ರೈವರುಗಳೆಲ್ಲ ದೇವರ ಮುಂದೆ ಕುಂಕುಮ ಹಚ್ಚಿಕೊಂಡು ಸಾಲಾಗಿ ಮಲಗಿದ್ದವು. ನಮ್ಮ ಕಡೆ ಪೂಜೆಗೆ ಕೂರಿಸಿದ ಹತ್ಯಾರವನ್ನು ಮರುದಿನ ಬನ್ನಿ ಮುಡಿದು ಬರುವವರೆಗೆ ಯಾರೂ ಎತ್ತುವುದಿಲ್ಲ.

"ಇವತ್ತ ಮುಟ್ಟಂಗಿಲ್ಲವಾ. ಸಂಜಿಮುಂದ ಬನ್ನಿ ಕೊಡಾಕ ಬರ್ತೇನಲ್ಲ, ಆವಾಗ ಹತ್ಯಾರಾ ತರ್ತೇನಿ."

"ಸಂಜಿತನಕಾ ಆಗಂಗಿಲ್ಲ ಕಾಕಾ. ಅಂವಾ ಕಿವೀನ ಹೋತು ಅಂತ ತಿಳ್ಕೊಂಡ ಕುಂತಾನ."

ಕಾಕಾ ನನ್ನ ಮುಖ ನೋಡಿದ. ಎದ್ದ. "ಹಂಗಾದ್ರ ಕೈ ಇಲ್ಲೇ ಬಿಟ್ಟ, ಬರೇ ಕಣ್ಣ ತರ್ತೇನಿ. ಕಣ್ಣಿಗೇನ ಪೂಜಿ ಮಾಡಿಲ್ಲ ನಾ."

ಬಂದವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆಂಪಿನ ಸುತ್ತ ತಿರುಗಿದ. ತಮ್ಮನಿಗೆ ನಗು ಬರಲಿ ಎಂದೋ ಏನೋ, ಬಾಯಿ ದೊಡ್ಡದು ಮಾಡಿ ಹೇಳಿದ: "ನಾ ರಿಪೇರಿ ಮಾಡಿದ ಟಿವಿ ಊರಾಗ ಒಂದೂ ಉಳದಿಲ್ಲೋ. ಎಲ್ಲಾ ಗ್ವಾಡಿಗೆ ಅಂಟಿದ ಹಪ್ಪಳ ಆಗ್ಯಾವ. ನೀ ಒಬ್ಬನ ನೋಡ, ಡಬ್ಬಿ ಇಟ್ಕೊಂಡಾಂವ." ತಮ್ಮ ನಗಲಿಲ್ಲ.

ಕಾಕಾ ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಮನೆಯ ಸ್ಕ್ರೂಡ್ರೈವರೂ ಪೂಜೆಗೆ ಕೂತಿತ್ತು. ಗಿಟಾರಿನ ಚೀಲದೊಳಗಿನ ಚಿಕ್ಕದೊಂದು ಅವ್ವನ ಕಣ್ಣಿಗೆ ಬೀಳದೆ ಉಳಿದಿತ್ತು. ಸ್ವಿಚ್ ಆರಿಸಿ, ಆಂಪಿನ ಹಿಂದಿನ ಹಲಗೆ ಬಿಚ್ಚಿದೆ. ಸ್ಪೀಕರಿಗೆ ಹೋಗುವ ಎರಡು ವೈರುಗಳನ್ನು ಎಳೆದು ಬಿಡಿಸಿದೆ. "ಗ್ವಾಡಿ ಗಡಿಯಾರದ ಸೆಲ್ ತಗಿಯವಾ," ಅಂದ. "ಅದು ನನ್ನ ಹತ್ಯಾರಾ ಅಲ್ಲ, ದೇವರು ಏನೂ ಅನ್ನಂಗಿಲ್ಲ." ಸೆಲ್ಲಿನ ಎರಡು ತುದಿಗೆ ಎರಡು ತಂತಿ ಹಿಡಿದು ಸ್ಪೀಕರಿಗೆ ಮುಟ್ಟಿಸಿದೆ. ಟಕ್ ಎಂದಿತು. ಸ್ಪೀಕರಿನ ಕಪ್ಪು ಕಾಗದ ಮುಂದಕ್ಕೆ ಜಿಗಿದು ನಿಂತಿತು. ತೆಗೆದೆ, ಹಿಂದಕ್ಕೆ ಹೋಯಿತು.

"ಸ್ಪೀಕರ್ ಜೀವಂತ ಐತಿ!" ಕಾಕಾ ಖುಷಿಯಿಂದ ತಮ್ಮನಿಗೆ ಹೆಬ್ಬೆರಳು ಎತ್ತಿ ತೋರಿಸಿದ.

ತಮ್ಮ ಅದನ್ನು ನೋಡಿದ. ಕಾಗದ ಜಿಗಿದದ್ದನ್ನೂ ನೋಡಿದ. ಅವನ ಮುಖ ಇನ್ನಷ್ಟು ಇಳಿಯಿತು. ಅದು ಯಾಕೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾವು ಪೆಟ್ಟಿಗೆಯ ತಪ್ಪು ಹುಡುಕುತ್ತಿದ್ದೆವು. ಸಿಕ್ಕಿದ್ದೆಲ್ಲ ಸರಿಯಾಗಿಯೇ ಇತ್ತು. ಒಂದೊಂದು ಭಾಗ ಸರಿಯಿದೆ ಎಂದಾದಂತೆ ತಪ್ಪು ಅವನ ಕಡೆಗೆ ಸರಿಯುತ್ತಿತ್ತು. ನಾನೇ ನನ್ನ ಕೈಯಾರೆ ಅದನ್ನು ಸರಿಸುತ್ತಿದ್ದೆ.

"ವೈರ್ ಛಲೋ," ಅಂದ. ತನ್ನ ದನಿಯ ಅಳತೆ ಅವನಿಗೆ ತಿಳಿಯುವುದಿಲ್ಲ, ಮಾತು ಓಣಿಯವರೆಗೆ ಹೋಗುವಷ್ಟು ದೊಡ್ಡದಾಗಿತ್ತು. "ಗಿಟಾರ್ ಛಲೋ. ಸ್ಪೀಕರ್ ಛಲೋ. ದೀಪ ಹತ್ತೈತಿ. ಇನ್ನ ಯಾರ ಉಳದ್ರು?"

ಗಿಟಾರನ್ನು ಮಂಚದ ಮೇಲೆ ಮಲಗಿಸಿದ. ಹಿತ್ತಲಿಗೆ ಹೋದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಮಗೆ ಬೆನ್ನು ಮಾಡಿ ಕೂತ. ಅವ್ವ ಕೈ ತೊಳೆಯದೆ ಅವನ ಹಿಂದೆಯೇ ಹೋದಳು. ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತಳು. ಅಲ್ಲಿ ಅವಳಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಒಲೆಯ ಮೇಲೆ ಹೂರಣ ತಳ ಹತ್ತುವ ವಾಸನೆ ಬಂತು. ಅವಳು ಏಳಲಿಲ್ಲ. ನಾನೇ ಹೋಗಿ ಗ್ಯಾಸ್ ಆರಿಸಿದೆ.

ವೈರುಗಳನ್ನು ಮತ್ತೆ ಸಿಕ್ಕಿಸಿ, ಹಲಗೆ ಮುಚ್ಚಿ, ಸ್ವಿಚ್ ಹಾಕಿದೆ. ಕಾಕಾ ಈಗ ತಮಾಷೆ ಬಿಟ್ಟಿದ್ದ. "ಒಳಗ ಬೋರ್ಡ್ ಸತ್ತಿರಬೇಕವಾ. ಹುಬ್ಬಳ್ಳಿಗೆ ಕಳಸೂದ."

"ಎಷ್ಟ ದಿವಸ?"

"ಹಬ್ಬ ಐತಿ. ಅವರು ಅಂಗಡಿ ತಗದಾಗ." ಆಮೇಲೆ ಏನೋ ನೆನಪಾಗಿ, "ತಡಿ. ಬೋರ್ಡ್ ಸತ್ತೈತೋ ಇಲ್ಲೋ ಖಾತ್ರಿ ಮಾಡ್ಕೊಳ್ಳೂಣು. ಇದಕ್ಕ ಹೆಡ್‌ಫೋನ್ ಹಚ್ಚೂ ತೂತ ಇರತೈತಿ. ಹಚ್ಚಿ ನೋಡು. ಅದರಾಗ ದನಿ ಬಂತಂದ್ರ ಬೋರ್ಡ್ ಜೀವಂತ."

ತಮ್ಮನ ಹಳೆಯ ಹೆಡ್‌ಫೋನು ಚೀಲದಲ್ಲಿತ್ತು, ದಪ್ಪ ಪಿನ್ನಿನದು. ಆಂಪಿನ ಮುಂಭಾಗದ ಅಂಚಿನಲ್ಲಿ ತೂತು ಸಿಕ್ಕಿತು. ಪಿನ್ನು ಒಳಗೆ ಹೋಗಲಿಲ್ಲ. ಸ್ವಲ್ಪ ಹೋಗಿ ನಿಂತಿತು. ತಿರುಗಿಸಿ ಒತ್ತಿದೆ, ಮತ್ತೂ ನಿಂತಿತು. ಕಾಕಾ ಬೆನ್ನ ಹಿಂದಿನ ಕೈ ಬಿಡದೆಯೇ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ನಾನು ಫೋನಿನ ಟಾರ್ಚು ಬಿಟ್ಟೆ. ಒಳಗೆ ಏನೋ ಕೆಂಪಗೆ ಕಾಣಿಸಿತು, ತುದಿಯಲ್ಲಿ ಮುರಿದದ್ದು.

"ಪಿನ್ನಲ್ಲ ಅದು," ಅಂದ ಕಾಕಾ. "ಕಟಗಿ."

ನಾನು ಹಿತ್ತಲ ಬಾಗಿಲಿಗೆ ಹೋಗಿ ಅವ್ವನನ್ನು ಕೇಳಿದೆ. "ಅವ್ವಾ, ಆ ಪೆಟಗ್ಯಾಗ ಏನರ ಹಾಕಿದ್ದೇನ?"

"ನಾ ಯಾಕ ಹಾಕ್ಲಿ? ನಿನ್ನೆ ಎಲ್ಲಾದರ ಜೋಡಿ ಅದಕ್ಕೂ ಪೂಜಿ ಮಾಡಿದ್ನಿ. ಇಬತ್ತಿ ಹಚ್ಚೀನಿ, ಹೂ ಇಟ್ಟೀನಿ." ನಿಂತಳು. "ಊದಿನಕಡ್ಡಿ ಚುಚ್ಚಿದ್ನಿ."

"ಎಲ್ಲಿ?"

"ಬಾಳಿಹಣ್ಣ ಎಲ್ಲಾ ನೈವೇದ್ಯಕ್ಕ ಇಟ್ಟಿದ್ನಿ. ಊದಿನಕಡ್ಡಿ ಚುಚ್ಚಾಕ ಒಂದೂ ಉಳದಿದ್ದಿಲ್ಲ. ಪೆಟಗ್ಯಾಗ ಒಂದ ತೂತ ಇತ್ತು, ಅದಕ್ಕಂತ ಮಾಡಿಸಿದಂಗ. ಐದೂ ಕಡ್ಡಿ ಕೂಡಿಸಿ ಚುಚ್ಚಿದ್ನಿ, ಗಟ್ಟಿ ನಿಂತ್ವು. ಅಂವಗ ದಿನಾ ಮುಂಜಾನೆ ಬೇಕಲ್ಲ ಅಂತ ಇದನ್ನಷ್ಟ ರಾತ್ರಿನ ಎತ್ತಿಟ್ನಿ, ಎತ್ತಿಡೂವಾಗ ಚುಚ್ಚತಾವಂತ ಮುರದ ಒಗದ್ನಿ." ನನ್ನ ಮುಖ ನೋಡಿ ಅವಳ ದನಿ ಸಣ್ಣದಾಯಿತು. "ಯಾಕ? ಅದರಿಂದ ಏನ ಆತು?"

ಏನಾಯಿತೆಂದು ಕಾಕಾ ಒಳಗಿನಿಂದಲೇ ಹೇಳಿದ. ಆ ತೂತಿನಲ್ಲಿ ಏನು ಹೊಕ್ಕರೂ ಪೆಟ್ಟಿಗೆ ಅದನ್ನು ಹೆಡ್‌ಫೋನು ಅಂತಲೇ ತಿಳಿಯುತ್ತದೆ. ಕಿವಿಯಲ್ಲಿ ಕೇಳುವವರು ಬಂದರು ಎಂದು ಸ್ಪೀಕರಿನ ಬಾಯಿ ಮುಚ್ಚುತ್ತದೆ. "ನಿಮ್ಮವ್ವ ನಿನ್ನೆಯಿಂದ ಊದಿನಕಡ್ಡಿಗೆ ಸಂಗೀತ ಕೇಳಸಾಕತ್ಯಾಳ ನೋಡವಾ" ಅಂದ. ನನಗೆ ನಗು ಬಂತು, ಬಂದದ್ದು ನಗುವಿನಂತೆ ಹೊರಬರಲಿಲ್ಲ. ಅವ್ವ ಬಾವಿಯ ಕಟ್ಟೆಗೆ ಕೈಯೂರಿ ಮತ್ತೆ ಕೂತುಬಿಟ್ಟಳು. ಅವಳ ಕಣ್ಣು ತಮ್ಮನ ಬೆನ್ನ ಮೇಲಿತ್ತು. ಇಷ್ಟೆಲ್ಲ ಮಾತು ಅವನ ಹಿಂದೆಯೇ ನಡೆದಿತ್ತು.

ಹೇರ್‌ಪಿನ್ನಿನಿಂದ ಎಳೆಯಲು ಹೋದೆ. ಕಡ್ಡಿಗಳು ಇನ್ನಷ್ಟು ಒಳಗೆ ಸರಿದವು. ಕೈ ಬಿಟ್ಟುಬಿಟ್ಟೆ. "ಕಾಕಾ, ಚಿಮಟಾ ಬೇಕು."

ಚಿಮಟ ಅವನ ಮನೆಯ ದೇವರ ಮುಂದಿತ್ತು. ಕಾಕಾ ಹಿತ್ತಲ ಬಾಗಿಲ ಕಡೆ ನೋಡಿದ. ಅಲ್ಲಿಂದ ಕಲ್ಲಿನ ಮೇಲಿನ ತಮ್ಮನೂ ಕಟ್ಟೆಯ ಮೇಲಿನ ಅವ್ವನೂ ಇಬ್ಬರೂ ಕಾಣುತ್ತಿದ್ದರು. ಮನೆಗೆ ಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಚಿಮಟ ಇತ್ತು, ಅದಕ್ಕೆ ಕುಂಕುಮದ ಜೊತೆ ಚೆಂಡುಹೂವಿನ ಒಂದು ಎಸಳು ಅಂಟಿತ್ತು. "ದೇವರ ಕೇಳಾಕ ಬಂದ್ರ ನಿಮ್ಮ ಮನಿ ತೋರಸ್ತೇನಿ," ಅಂದು ನೆಲಕ್ಕೆ ಕೂತ.

ಒಂದೊಂದೇ ಕಡ್ಡಿ ಬಂತು. ಸ್ವಿಚ್ ಹಾಕಿಯೇ ಇತ್ತು, ಗುಂಡಿ ಬಲಕ್ಕೆ ಪೂರ್ತಿ ತಿರುಗಿಯೇ ಇತ್ತು, ಗಿಟಾರು ವೈರಿನ ಸಮೇತ ಮಂಚದ ಮೇಲೆ ಆಂಪಿನ ಪಕ್ಕದಲ್ಲೇ ಮಲಗಿತ್ತು. ನಮ್ಮಿಬ್ಬರಿಗೂ ಅದು ನೆನಪಿಗೆ ಬರಲಿಲ್ಲ. ಕೊನೆಯ ಕಡ್ಡಿ ಹೊರಬಂದದ್ದೇ ತಡ, ಯಾರೂ ಮುಟ್ಟದ ಗಿಟಾರು ತಾನಾಗಿ ಗುಂಯ್ ಎಂದು ಎದ್ದಿತು. ಪೆಟ್ಟಿಗೆಯ ದನಿ ತಂತಿಯನ್ನು ಅಲುಗಿಸಿ, ತಂತಿ ಪೆಟ್ಟಿಗೆಗೆ ಕೊಟ್ಟು, ಅದು ಬೆಳೆಯುತ್ತಲೇ ಹೋಯಿತು. ಕಿಟಕಿಯ ಗಾಜು ನಡುಗಿತು. ಅಡುಗೆಮನೆಯಲ್ಲಿ ಡಬ್ಬಿಯೊಂದು ಕೆಳಗೆ ಬಿತ್ತು. ಕಾಕಾ ಹಿಂದಕ್ಕೆ ಉರುಳಿದ. ಪಕ್ಕದ ಮನೆಯಿಂದ ಯಾರೋ "ಏನ್ರೀ ಅದು!" ಎಂದು ಕೂಗಿದರು.

ನಾನು ಹಿತ್ತಲ ಬಾಗಿಲಿಗೆ ಓಡಿದೆ.

ಅವ್ವ ಎದ್ದು ನಿಂತಿದ್ದಳು. ತಮ್ಮ ಕಲ್ಲಿನ ಮೇಲೆ ಹಾಗೆಯೇ ಕೂತಿದ್ದ. ನಾನು ಅವನ ಕುತ್ತಿಗೆಯನ್ನೇ ನೋಡಿದೆ. ಅದು ಅಲುಗಲಿಲ್ಲ. ಒಳಗೆ ದನಿ ಮನೆಯನ್ನೇ ಹಿಡಿದು ಅಲುಗಿಸುತ್ತಿತ್ತು, ಅವನು ಒಂದು ಕಡ್ಡಿ ಹಿಡಿದು ನೆಲದ ಮೇಲಿನ ಇರುವೆಗಳಿಗೆ ದಾರಿ ಬಿಡಿಸುತ್ತಿದ್ದ.

ಅಲ್ಲಿಯವರೆಗೆ ನನಗೆ ಗಾಬರಿ ಇತ್ತು, ಹೆದರಿಕೆ ಇರಲಿಲ್ಲ. ತಪ್ಪು ಪೆಟ್ಟಿಗೆಯದು ಎಂದು ನನ್ನ ಕಿವಿಗೆ ಗೊತ್ತಿತ್ತು. ಈಗ ಪೆಟ್ಟಿಗೆ ಸರಿಯಾಗಿತ್ತು. ಇವನು ತಿರುಗಲಿಲ್ಲ.

ಕಾಕಾ ಎದ್ದು ಸ್ವಿಚ್ ಆರಿಸಿರಬೇಕು, ದನಿ ನಿಂತಿತು. ನನ್ನ ಅಂಗೈಯಲ್ಲಿ ಕಡ್ಡಿಯ ತುಂಡುಗಳಿದ್ದವು. ಅವ್ವ ಬಂದು ಅವುಗಳನ್ನು ಕಸಿದುಕೊಂಡು ಹೋಗಿ ತಮ್ಮನ ಮುಂದೆ ಹಿಡಿದಳು. ಅವನು ನೋಡಿದ. ಒಂದನ್ನು ಎತ್ತಿ ಮೂಸಿದ.

"ಎಲ್ಲಿದ್ವು?"

ನಾನು ಎರಡೂ ಕೈ ಕಿವಿಯ ಮೇಲೆ ಇಟ್ಟು ಹೆಡ್‌ಫೋನಿನ ಸನ್ನೆ ಮಾಡಿ, ಬೆರಳಿನಿಂದ ಚುಚ್ಚಿ ತೋರಿಸಿದೆ. ಅವನಿಗೆ ಹೆಚ್ಚು ಹೇಳಬೇಕಾಗಲಿಲ್ಲ, ಎಷ್ಟೋ ಸ್ಟೇಜುಗಳಲ್ಲಿ ಎಂಥೆಂಥದೋ ಪೆಟ್ಟಿಗೆಗಳು ಕೆಟ್ಟದ್ದನ್ನು ಕಂಡವನು. "ಯಾರು?" ಅಂದ. ಅವ್ವ ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಎರಡೂ ಗಲ್ಲಕ್ಕೆ ಹೊಡೆದುಕೊಳ್ಳತೊಡಗಿದಳು, ಒಣಗಿದ ಹಿಟ್ಟು ಗಲ್ಲಕ್ಕೆ ಹತ್ತಿತು. ಅವನು ಅವಳ ಕೈ ಹಿಡಿದ. "ಬಿಡಬೇ. ಬಿಡಬೇ ಅವ್ವಾ." ಹಿಡಿದುಕೊಂಡೇ ಒಳಗೆ ಬಂದ.

ಗುಂಡಿಯನ್ನು ಅರ್ಧಕ್ಕೆ ಇಳಿಸಿ, ಸ್ವಿಚ್ ಹಾಕಿ, ಮಂಚದ ಮೇಲೆ ಕೂತು, ಎಲ್ಲಕ್ಕಿಂತ ದಪ್ಪ ತಂತಿ ಮೀಟಿದ. ಪಡಸಾಲೆ ತುಂಬಿತು. ಅವನು ಕಣ್ಣು ಮುಚ್ಚಿದ.

"ಐತಿ," ಅಂದ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ "ಐತಪ್ಪಾ ಐತಿ" ಎಂದು ನನ್ನ ಕಡೆ ನೋಡಿದ. ತಮ್ಮ ಇನ್ನೊಂದೆರಡು ಸಲ ಮೀಟಿದ, ಕಣ್ಣು ತೆರೆದ, ನನ್ನನ್ನು ಕಂಡ. ನಗಬೇಕೆಂದು ನಾನು ಮಾಡಿದ ಪ್ರಯತ್ನ ಸಾಲಲಿಲ್ಲ.

"ಏನು?"

ಆ ಕ್ಷಣ ಕೈಯಾಡಿಸುವುದು ಸುಲಭವಿತ್ತು. ನಾನು ಫೋನು ತೆಗೆದು ಒತ್ತಿದೆ: ಈಗ ಇಲ್ಲಿ ದೊಡ್ಡ ದನಿ ಆಗಿತ್ತು, ಗ್ವಾಡಿ ಸೈತ ನಡುಗಿತು, ನೀ ಹಿಂದ ತಿರುಗಿ ನೋಡಲಿಲ್ಲ. ಅವನು ಓದಿದ. ಫೋನು ತಿರುಗಿ ಕೊಟ್ಟ. ತಾನು ಕೂತ ಮಂಚವನ್ನು ನೋಡಿದ.

"ಹಂಗಾದ್ರ ಈಗ ಐತಿ ಅಂತ ಹೇಳಿದ್ದು ಕಿವಿನೋ, ನಡಗೂ ಈ ಮಂಚಾನೋ?"

"ನೋಡೂಣು," ಅಂದೆ.

ಅದನ್ನು ನೋಡುವ ರೀತಿ ನನಗೆ ಗೊತ್ತಿತ್ತು. ಮಂಚದಿಂದ ಆಂಪನ್ನು ಇಳಿಸಿ, ನೆಲದ ಮೇಲೆ ಕೌದಿಗಳನ್ನು ಮಡಿಸಿ ಹಾಕಿ, ಅವುಗಳ ಮೇಲೆ ಇಟ್ಟೆವು. ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಕಾಲುಗಳನ್ನು ಕುರ್ಚಿಯ ಮೇಲೆಯೇ ಮಡಿಸಿಕೊಳ್ಳಲು ಹೇಳಿದೆ. ಗಿಟಾರು ನಾನು ತೆಗೆದುಕೊಂಡೆ. ಒಪ್ಪಂದ ಇಷ್ಟು: ಕೇಳಿಸಿದಾಗ ಬೆರಳು ಎತ್ತಬೇಕು, ನಾನು ಒಮ್ಮೊಮ್ಮೆ ಮೀಟುತ್ತೇನೆ, ಒಮ್ಮೊಮ್ಮೆ ಸುಮ್ಮನಿರುತ್ತೇನೆ, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕಾಕಾ ಹೋಗಲು ಎದ್ದವನು ಹೊಸ್ತಿಲಲ್ಲಿ ನಿಂತ.

ಎಲ್ಲಕ್ಕಿಂತ ದಪ್ಪ ತಂತಿ ಮೀಟಿದೆ. ಬೆರಳು ಎದ್ದಿತು. ಬಿಟ್ಟೆ, ಕಾದೆ, ಮತ್ತೆ ಮೀಟಿದೆ. ಎದ್ದಿತು. ಅವ್ವನ ಉಸಿರು ಕೇಳಿಸಿತು. ಅದರ ಪಕ್ಕದ ತಂತಿಗೆ ಬಂದೆ. ಬೆರಳು ತಡವಾಗಿ ಎದ್ದಿತು, ಒಮ್ಮೆ ಏಳಲೇ ಇಲ್ಲ. ಮೂರನೆಯದಕ್ಕೆ ಬಂದೆ. ಏಳಲಿಲ್ಲ. ಜೋರಾಗಿ ಮೀಟಿದೆ. ಕೈ ಮೊಣಕಾಲ ಮೇಲೆ ಹಾಗೆಯೇ ಇತ್ತು. ಯುಗಾದಿಯ ಹೊತ್ತಿಗೆ ಈ ತಂತಿ ಅವನಿಗೆ ಕೇಳಿಸುತ್ತಿತ್ತು, ಅವನೇ ಹೇಳಿದ್ದ. ನಾಲ್ಕನೆಯದನ್ನು ಮೀಟಿದ್ದು ನಿಯಮಕ್ಕಾಗಿ.

ಆಮೇಲೆ ಅಂಗೈಯನ್ನು ತಂತಿಗಳ ಮೇಲೆ ಒತ್ತಿ ಸುಮ್ಮನೆ ಕೂತೆ.

ಬೆರಳು ಎದ್ದಿತು.

ಕಾಕಾ "ಅರೆ" ಅಂದ. ನಾನು ಅಲುಗಲಿಲ್ಲ. ತಂತಿಗಳು ನನ್ನ ಕೈಯ ಕೆಳಗೆ ಸತ್ತಂತಿದ್ದವು. ಅವನು ಬೆರಳು ಇಳಿಸಿದ, ಸ್ವಲ್ಪ ಹೊತ್ತಿನ ಮೇಲೆ ತಲೆಯನ್ನು ಒಂದು ಬದಿಗೆ ವಾಲಿಸಿ ಮತ್ತೆ ಎತ್ತಿದ, ಈ ಸಲ ಅನುಮಾನವೇ ಇಲ್ಲದವನಂತೆ.

ಕುರ್ಚಿ ತಿರುಗಿಸಿಕೊಂಡು, "ಹೇಳ," ಅಂದ.

ಹೇಳಿದೆ. ದಪ್ಪ ತಂತಿ ಮುಟ್ಟಿ, ಹೌದು ಅಂದೆ. ಪಕ್ಕದ್ದು ಮುಟ್ಟಿ, ಅಂಗೈಯನ್ನು ಅತ್ತಿತ್ತ ಆಡಿಸಿದೆ. ಮೂರನೆಯದನ್ನು ಮುಟ್ಟಿ, ಇಲ್ಲ ಅಂದೆ. ಅವನು ಆ ತಂತಿಯನ್ನೇ ನೋಡುತ್ತ ಕೂತ. ಅವ್ವ ನನಗೆ ಸಾಕು ಎಂದು ಕಣ್ಣಿನಲ್ಲೇ ಹೇಳಿದಳು. ನಾನು ಫೋನಿನಲ್ಲಿ ಉಳಿದದ್ದನ್ನೂ ಒತ್ತಿದೆ: ಕಡೀಕ ಎರಡ ಸಲ ನಾ ಏನೂ ಬಾರಿಸಿರಲಿಲ್ಲ. ನೀ ಬೆರಳ ಎತ್ತಿದಿ.

ಅವನು ಎರಡು ಸಲ ಓದಿದ. "ಏನೂ ಬಾರಿಸಿರಲಿಲ್ಲ?"

"ಇಲ್ಲೋ."

"ಖರೆನ?"

"ಖರೆ."

ನಾನು ಹೆದರಿದಂತೆ ಅವನು ಎದ್ದು ಹೋಗಲಿಲ್ಲ. "ಆದ್ರ ಛಂದ ಕೇಳಿಸ್ತಕ್ಕಾ," ಅಂದ. "ಅದ ಎಲ್ಲಾದಕ್ಕಿಂತಾ ಛಂದ ಕೇಳಿಸ್ತು." ಕೈ ಚಾಚಿ ಗಿಟಾರು ತೆಗೆದುಕೊಂಡ. ಕಣ್ಣು ಮುಚ್ಚಿದ. ಎಡಗೈ ಗಿಟಾರಿನ ಹಲಗೆಯಲ್ಲಿ ಮೇಲೆ ಕೆಳಗೆ ಹುಡುಕಿತು, ದಪ್ಪ ತಂತಿಗಳ ಮೇಲೆ ನಿಲ್ಲಲಿಲ್ಲ, ದಾಟಿಕೊಂಡು ಬಂದು ಮೂರನೆಯ ತಂತಿಯ ಒಂದು ಜಾಗದಲ್ಲಿ ನಿಂತಿತು. ಒತ್ತಿ ಹಿಡಿದು ಮೀಟಿದ. ತುಂಬಿದ, ದುಂಡನೆಯ ದನಿ ಬಂತು.

"ಇದ ಕೇಳಿಸಿದ್ದು," ಅಂದ.

ಕಣ್ಣು ತೆರೆದು ನನ್ನ ಮುಖವನ್ನೇ ನೋಡಿದ. ಬಂತೇ ಎಂದು ಕೇಳುತ್ತಿದ್ದ. ಬಂತು ಎಂದು ತಲೆಯಾಡಿಸಿದೆ. ಅವನು ನನ್ನಿಂದ ಕಣ್ಣು ತೆಗೆಯದೆ ಇನ್ನೊಮ್ಮೆ ಮೀಟಿ, ಕಾದ.